ಬೇಟೆಗೆ ಮುನ್ನ

ನಮ್ಮ ಊರು ಬೀಡಿ. ಹೆಸರು ಹೇಳಿದೊಡನೆ ಪಟ್ಟಣದ ಗೆಳೆಯರು ಎರಡು ಬೆರಳನ್ನು ತುಟಿಗೆ ಹಚ್ಚಿ ನಗುತ್ತಾರೆ. ಆ ನಗೆಗೆ ನಾನು ಒಗ್ಗಿಹೋಗಿದ್ದೇನೆ. ನನಗೇನೋ ಆ ಹೆಸರಿನಲ್ಲಿ ಬೀಡು ಬಿಟ್ಟವರ ಸದ್ದು ಕೇಳಿಸುತ್ತದೆ. ವ್ಯುತ್ಪತ್ತಿಯ ಜಗಳ ಪಂಡಿತರಿಗಿರಲಿ. ಖಾನಾಪುರ ತಾಲ್ಲೂಕಿನ ಈ ಊರು ಎರಡು ಸೀಮೆಗಳ ಹೊಸ್ತಿಲಿನ ಮೇಲೆ ಕುಳಿತಿದೆ. ಮೂಡಣಕ್ಕೆ ಮುಖಮಾಡಿದರೆ ಕಿತ್ತೂರಿನ ಕಡೆಯ ಬಯಲು. ಪಡುವಣಕ್ಕೂ ತೆಂಕಣಕ್ಕೂ ತಿರುಗಿದರೆ ಗೋಲಿಹಳ್ಳಿ, ನಾಗರಗಾಳಿಗಳ ಕಾಡು. ಹತ್ತೊಂಬತ್ತನೆಯ ಶತಮಾನದ ಕಂದಾಯದ ಕಾಗದಗಳಲ್ಲಿ ಬೀಡಿ ಎಂಬುದು ಒಂದು ತಾಲ್ಲೂಕಿನ ಹೆಸರು. 1830ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನ ದಂಡು ಬಂದು ಸುಟ್ಟ ಕಚೇರಿ ಇಲ್ಲಿಯದೇ.

ಆದರೆ ಇಂದು ನಾನು ಹೇಳಹೊರಟಿರುವುದು ಬಂಡಾಯದ ಕಥೆಯಲ್ಲ, ಬೇಟೆಯ ಮಾತು. ಅದರಲ್ಲಿಯೂ ಬೇಟೆಗೆ ಮುನ್ನ ನೆಲವನ್ನೂ ಮನುಷ್ಯನನ್ನೂ ಹೇಗೆ ಅಣಿಗೊಳಿಸುತ್ತಿದ್ದರು ಎಂಬ ವಿಚಾರ. ನಮ್ಮ ಕಾವ್ಯಗಳಲ್ಲಿ ಬೇಂಟೆಯ ವರ್ಣನೆಗೆ ಬರವಿಲ್ಲ. ಹೊಸ ಸಾಹಿತ್ಯದಲ್ಲಿಯೂ ಕುವೆಂಪು ಅವರ ಕಾದಂಬರಿಗಳಿಂದ ಹಿಡಿದು ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ತನಕ ಕೋವಿಯ ಸದ್ದು ಕೇಳಿಬರುತ್ತದೆ. (ಚಿತ್ತಾಲರ ‘ಶಿಕಾರಿ’ಯನ್ನು ಕಾಡಿನ ಕಥೆಯೆಂದು ಎರವಲು ಒಯ್ದು, ಮುಂಬಯಿಯ ಕಂಪೆನಿಯೊಂದರ ಒಳಜಗಳವನ್ನು ಓದಬೇಕಾಗಿ ಬಂದ ನಮ್ಮ ಊರಿನ ಹಿರಿಯರೊಬ್ಬರು ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದರು.) ಓದುಗರಿಗೆ ನೆನಪಿನಲ್ಲಿ ಉಳಿಯುವುದು ಗುಂಡು ಹಾರುವ ಗಳಿಗೆ. ನಾನು ಕಂಡಂತೆ ಆ ಗಳಿಗೆ ಬೇಟೆಯ ಅತ್ಯಂತ ಸಣ್ಣ ಭಾಗ. ಅದರ ಹಿಂದೆ ಎಂಟು ತಿಂಗಳ ಲೆಕ್ಕಾಚಾರವಿರುತ್ತಿತ್ತು.

ಈ ಲೆಕ್ಕಾಚಾರವನ್ನು ನಾನು ಕಲಿತದ್ದು ನಮ್ಮ ದೊಡ್ಡಪ್ಪನಿಂದ. ಅವನ ಬಳಿ ಬೆಳೆ ಕಾಯುವುದಕ್ಕೆಂದು ಸರಕಾರ ಕೊಟ್ಟ ಪರವಾನಗಿಯ ಕೇಪಿನ ಬಂದೂಕು ಒಂದಿತ್ತು. ಆ ಪರವಾನಗಿ ಹೊಲದ ಬದುವಿನಲ್ಲಿ ಮುಗಿಯಬೇಕಾಗಿತ್ತು. ದೊಡ್ಡಪ್ಪನ ಕಾಲುಗಳು ಅಲ್ಲಿ ನಿಲ್ಲುತ್ತಿರಲಿಲ್ಲ ಎಂಬುದನ್ನು ನಾನು ಮುಚ್ಚಿಡಲಾರೆ.

ಮೊದಲು ನೆಲದ ವಿಷಯ. ಮುಂಗಾರು ಹಿಡಿದ ಮೇಲೆ ನಾಲ್ಕು ತಿಂಗಳು ಬಂದೂಕು ತೊಲೆಗೆ ನೇತಾಡುತ್ತಿತ್ತು. ಆ ಕಾಲದಲ್ಲಿ ದೊಡ್ಡಪ್ಪ ಕಾಡಿಗೆ ಹೋಗುತ್ತಿದ್ದುದು ನೋಡುವುದಕ್ಕೆ ಮಾತ್ರ. ಕೆಸರಿನಲ್ಲಿ ಮೂಡಿದ ಗೊರಸಿನ ಅಚ್ಚು ಕಡವೆಯದೋ ಚುಕ್ಕೆಯ ಜಿಂಕೆಯದೋ, ಒಂಟಿಯದೋ ಮರಿಯೊಡನೆ ನಡೆದದ್ದೋ, ಎಷ್ಟು ಹೊತ್ತಿಗೆ ನಡೆದದ್ದು ಎಂಬುದನ್ನು ಅವನು ಪತ್ರ ಓದಿದಂತೆ ಓದುತ್ತಿದ್ದ. ಮಳೆ ಹಿಂಜರಿಯುವ ಹೊತ್ತಿಗೆ ಎಳೆಮರಗಳ ತೊಗಟೆಯನ್ನು ತಡವಿ ನೋಡುತ್ತಿದ್ದ. ಗಂಡು ಕಡವೆ ಕೊಂಬನ್ನು ಉಜ್ಜಿದ ಮರದಲ್ಲಿ ತೊಗಟೆ ಸುಲಿದು ಬಿಳಿಯ ಮೈ ಕಾಣುತ್ತದೆ. ಸುಲಿತ ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಮೃಗದ ಗಾತ್ರ ತಿಳಿಯುತ್ತದೆ. ಚಳಿಗಾಲದಲ್ಲಿ ನೆಲ್ಲಿಯ ಮರಗಳ ಸರದಿ. ಜಿಂಕೆ ಕಡವೆಗಳು ನೆಲ್ಲಿಕಾಯಿಯನ್ನು ಇಡಿಯಾಗಿ ನುಂಗಿ, ಆಮೇಲೆ ಎಲ್ಲಿಯೋ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತವೆ. ಆದುದರಿಂದ ನೆಲ್ಲಿಯ ಮರವೇ ಇಲ್ಲದ ಕಡೆ ಒಂದು ಹಿಡಿ ನೆಲ್ಲಿಬೀಜ ಬಿದ್ದಿದ್ದರೆ ಅದು ಜಿಂಕೆಯ ಮಲಗುವ ಮನೆ. ಬೀಜವನ್ನು ಹರಡಿ ಕಾಡಿನಲ್ಲಿ ನೆಲ್ಲಿಯನ್ನು ಬೆಳೆಸುವವರೂ ಇವೇ ಎಂದು ಈಚೆಗೆ ವಿಜ್ಞಾನಿಗಳು ಅಭ್ಯಸಿಸಿ ಬರೆದಿದ್ದಾರೆ. ದೊಡ್ಡಪ್ಪನಿಗೆ ಬೀಜದ ರಾಶಿ ಬೇಕಾಗಿತ್ತೇ ಹೊರತು ಅದರ ಭವಿಷ್ಯ ಬೇಕಾಗಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಬರುತ್ತಿದ್ದುದು ಬೆಂಕಿ. ಒಣಗಿ ನಿಂತ ಕರಡವನ್ನು ಸುಟ್ಟರೆ ನೆಲದೊಳಗಣ ತೇವಕ್ಕೂ ಇಬ್ಬನಿಗೂ ಬುಡದಿಂದ ಎಳೆಹುಲ್ಲು ಚಿಗುರುತ್ತದೆ. ಸುತ್ತಲೂ ಬಿರುಸಾದ ಹುಲ್ಲೇ ಇರುವಾಗ ಅಂಗೈಯಗಲದ ಆ ಹಸಿರು ಜಿಂಕೆಗಳನ್ನು ಎಲ್ಲಿಂದಲಾದರೂ ಎಳೆದುತರುತ್ತದೆ. ಬೂದಿಯ ಮೇಲೆ ಹೆಜ್ಜೆಯೂ ಸ್ಪಷ್ಟ, ಮರೆಯಿಲ್ಲದ್ದರಿಂದ ಗುರಿಯೂ ಸುಲಭ. ಘಟ್ಟದ ಅಂಚಿನಲ್ಲಿ ಹಿಂದೆ ನಡೆಯುತ್ತಿದ್ದ ಕುಮರಿ ಬೇಸಾಯವೂ ಹೀಗೆಯೇ, ಕಡಿದು ಸುಟ್ಟು ಬಿತ್ತಿ ಬಿಟ್ಟುಹೋದ ತುಂಡುಗಳಲ್ಲಿ, ಬೇಕೆಂದು ಮಾಡದೆಯೇ ಜಿಂಕೆಗೆ ಮೇವು ಒದಗಿಸುತ್ತಿತ್ತು. ಇನ್ನೊಂದು ಉಪಾಯ ಉಪ್ಪಿನದು. ಖನಿಜದ ಮಣ್ಣನ್ನು ನೆಕ್ಕಲು ಮೃಗಗಳು ಬರುವ ಗುಣಿಗಳು ಕಾಡಿನಲ್ಲಿ ಸಹಜವಾಗಿಯೇ ಇರುತ್ತವೆ. ಕೆಲವರು ಅವುಗಳ ಬಳಿ ಹರಳುಪ್ಪನ್ನು ಹೂಳಿಡುತ್ತಿದ್ದರು. ದೊಡ್ಡಪ್ಪನಿಗೆ ಅದು ಸೇರುತ್ತಿರಲಿಲ್ಲ. ನೀರಿನ ಹತ್ತಿರ, ಉಪ್ಪಿನ ಹತ್ತಿರ ಕಾದು ಕೊಲ್ಲುವುದು ಊಟಕ್ಕೆ ಕರೆದು ಕೊಂದಂತೆ ಎಂಬ ಭಾವನೆ ಅವನದು. ಬೆಂಕಿ ಹಚ್ಚಿ ಹುಲ್ಲು ಚಿಗುರಿಸಿ ಕರೆಯುವುದು ಯಾವ ಲೆಕ್ಕ ಎಂದು ನಾನು ಕೇಳಿದಾಗ ಅವನು ಉತ್ತರ ಕೊಡಲಿಲ್ಲ.

ಇನ್ನು ಬೇಟೆಗಾರನ ಸಿದ್ಧತೆ. ಕೇಪಿನ ಬಂದೂಕಿಗೆ ಒಂದೇ ಏಟು. ಮದ್ದು ತುಂಬಿ, ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಹಾಕಿ, ಮತ್ತೆ ಜಡಿದು, ಕೇಪು ಕೂರಿಸಬೇಕು. ಮಳೆಗಾಲದ ತೇವ ಹೀರಿದ ಮದ್ದು ಬುಸ್ ಎಂದು ಹೊಗೆಯಾಗಿ ಹೋಗುತ್ತದೆ. ಆದ್ದರಿಂದ ದಸರೆಯ ಬಿಸಿಲಿನಲ್ಲಿ ಮದ್ದನ್ನು ಹರಡಿ ಒಣಗಿಸುತ್ತಿದ್ದರು. ಆ ದಿನ ಅಂಗಳದ ಹತ್ತಿರ ಒಲೆ ಹೊತ್ತಿಸುವಂತಿಲ್ಲ, ಚುಟ್ಟಾ ಸೇದುವಂತಿಲ್ಲ, ಮಕ್ಕಳು ಸುಳಿಯುವಂತಿಲ್ಲ. ಆಯುಧಪೂಜೆಯ ದಿನ ಬಂದೂಕಿಗೆ ಕುಂಕುಮ ಬೀಳುತ್ತಿತ್ತು, ಬನ್ನಿ ಮುಡಿದ ಮೇಲೆ ಮೊದಲ ಗುಂಡು.

ಹಾಕುಬೇಟೆಯಲ್ಲಿ ಒಬ್ಬನ ಕೈಚಳಕಕ್ಕಿಂತ ಇಪ್ಪತ್ತು ಜನರ ಒಪ್ಪಂದ ದೊಡ್ಡದು. ಸೋವುವವರು ಒಂದು ಕಡೆಯಿಂದ ಕೂಗುತ್ತ ಡಬ್ಬ ಬಡಿಯುತ್ತ ಬರಬೇಕು. ಬಂದೂಕಿನವರು ಕಂಡಿಗಳಲ್ಲಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಯಾರು ಯಾವ ಕಂಡಿ, ಯಾವ ದಿಕ್ಕಿಗೆ ಹೊಡೆಯಕೂಡದು ಎಂಬುದು ಹಿಂದಿನ ರಾತ್ರಿಯೇ ತೀರ್ಮಾನವಾಗುತ್ತಿತ್ತು. ಕುಡಿದವನನ್ನು ಸೇರಿಸುತ್ತಿರಲಿಲ್ಲ, ಮನೆಯಲ್ಲಿ ಜಗಳವಾಡಿ ಬಂದವನನ್ನೂ ಸೇರಿಸುತ್ತಿರಲಿಲ್ಲ. ಪಾಲಿನ ನಿಯಮವೂ ಮೊದಲೇ ನಿಶ್ಚಯ: ಹೊಡೆದವನಿಗೆ ತಲೆ ಮತ್ತು ಒಂದು ತೊಡೆ, ಉಳಿದದ್ದು ಸಮಪಾಲು, ನಾಯಿಗಳಿಗೂ ಅವುಗಳ ಭಾಗ. ನಾಯಿಗೆ ಪಾಲು ಕೊಡುವ ಮಾತು ಕೇಳಿ ನಗಬೇಡಿ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲಿಯೇ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಮುಧೋಳದ ನಾಯಿಗಳ ಕೀರ್ತಿ ನಿಮಗೆಲ್ಲ ತಿಳಿದದ್ದೇ. ಆದರೆ ಅವು ಬಯಲಿನ ಓಟಗಾರರು. ನಮ್ಮ ಮುಳ್ಳುಕಂಟಿಯ ಕಾಡಿನಲ್ಲಿ ಊರನಾಯಿಯೇ ಮೇಲು.

ಇಷ್ಟೆಲ್ಲ ಸಿದ್ಧತೆ ಹಳ್ಳಿಗರು ಕಂಡುಹಿಡಿದದ್ದೆಂದು ನಾನು ಬಹಳ ದಿನ ನಂಬಿದ್ದೆ. ಆಮೇಲೆ ಪುಸ್ತಕಗಳು ಕೈಗೆ ಬಂದವು. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಮೃಗವನವನ್ನು ಹೇಗೆ ಅಣಿಮಾಡಬೇಕೆಂಬ ವಿಧಾನವಿದೆ. ಸುತ್ತ ಕಂದಕ, ಒಂದೇ ಬಾಗಿಲು, ಒಳಗೆ ಸಿಹಿಹಣ್ಣಿನ ಗಿಡಬಳ್ಳಿಗಳು, ಮುಳ್ಳಿಲ್ಲದ ಮರಗಳು, ಆಳವಿಲ್ಲದ ಕೊಳ, ಪಳಗಿದ ಜಿಂಕೆಗಳು, ಉಗುರು ಹಲ್ಲು ಕಿತ್ತ ಕ್ರೂರಮೃಗಗಳು! ಅರಸನಿಗೆ ಅಪಾಯ ಬಾರದಂತೆ ಕಾಡನ್ನೇ ಹಲ್ಲುಕಿತ್ತ ಹಾವನ್ನಾಗಿ ಮಾಡಿ ಒಪ್ಪಿಸುವ ಈ ಏರ್ಪಾಡನ್ನು ಓದಿ ದೊಡ್ಡಪ್ಪನಿಗೆ ಹೇಳಿದಾಗ ಅವನು ಮನಸಾರೆ ನಕ್ಕ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ಮೃಗಯಾವಿನೋದಕ್ಕೆ ಒಂದು ಭಾಗ ಮೀಸಲು. ಚೀತಾವನ್ನು ಬಿಟ್ಟು ಹುಲ್ಲೆ ಹಿಡಿಸುವ ಬೇಟೆಯ ಪ್ರಸ್ತಾಪ ಅಲ್ಲಿದೆ. ಪಳಗಿಸಿದ ಜಿಂಕೆಯನ್ನು ಮುಂದೆಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದೂ ಹಳೆಯ ವಿದ್ಯೆಯೇ. ಅಂಥ ಮೃಗಕ್ಕೆ ನಮ್ಮ ಹಳಗನ್ನಡದಲ್ಲಿ ‘ದೀವ’ ಎಂಬ ಸೊಗಸಾದ ಹೆಸರಿದೆ. ಚೀತಾದ ಬೇಟೆ ನಮ್ಮ ನೆರೆಯ ಕೊಲ್ಹಾಪುರದ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನಕ್ಕೂ ದಾಟಿಬಂತು. ದೇಶದ ಚೀತಾಗಳು ಮುಗಿಯುತ್ತ ಬಂದಾಗ ಅರಸರು ಆಫ್ರಿಕದಿಂದ ತರಿಸಿಕೊಂಡರು.

ಈ ಸೀಮೆಯ ಮೃಗಗಳಿಗೆ ಮೊದಲ ಶಾಸ್ತ್ರೀಯ ಪಟ್ಟಿ ಬರೆದವನೂ ಒಬ್ಬ ಬೇಟೆಗಾರನೇ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿ ಹೆಸರಾದ ಎಲಿಯಟ್ ಇವನೇ. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳನ್ನು ಕುರಿತು 1839ರಲ್ಲಿ ಅವನು ಪ್ರಕಟಿಸಿದ ಪಟ್ಟಿಯಲ್ಲಿ ಲ್ಯಾಟಿನ್ ಹೆಸರುಗಳ ಪಕ್ಕದಲ್ಲಿ ಚಿಗರಿ, ಕೊಂಡುಕುರಿಯಂಥ ನಮ್ಮ ಜನರ ಬಾಯಿಮಾತುಗಳು ಕುಳಿತಿವೆ. ಆ ಹೆಸರುಗಳನ್ನು ಅವನಿಗೆ ಹೇಳಿದವರು ಯಾರು? ಬಲೆ ಹೊತ್ತವರು, ಉರುಲು ಒಡ್ಡಿದವರು, ಎತ್ತಿನ ಮರೆಯಲ್ಲಿ ತೆವಳುತ್ತ ಚಿಗರಿಯನ್ನು ಸಮೀಪಿಸಬಲ್ಲವರು ಇರಬೇಕು. ಅವರ ಹೆಸರು ಪಟ್ಟಿಯಲ್ಲಿಲ್ಲ. ಉತ್ತರ ಕರ್ನಾಟಕದಲ್ಲಿ ಒಂದು ಜನಾಂಗದ ಹೆಸರೇ ಹರಣಶಿಕಾರಿ, ಎಂದರೆ ಹರಿಣದ ಬೇಟೆಗಾರರು. ಬ್ರಿಟಿಷರ ಕಾಲದಲ್ಲಿ ಇಂಥ ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆದು ಕಾನೂನಿನ ಬೇಲಿಯೊಳಗೆ ಕೂಡಿದರು. 1871ರ ಆ ಕಾಯಿದೆ ರದ್ದಾಗಲು 1952 ಬರಬೇಕಾಯಿತು.

ಬೇಟೆಗಾರನ ಕೈಯಿಂದ ಆಯುಧ ಕಳಚಿದ ಇತಿಹಾಸವೂ ನಮ್ಮ ಸೀಮೆಯದೇ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಮು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಊರು ಉರಿಯಿತು, ಹಲವರು ಗಲ್ಲಿಗೇರಿದರು, ಲಾವಣಿಯೊಂದು ಉಳಿಯಿತು. ಇದಕ್ಕೆ ಎದುರಾದ ಕಥೆ ಕೊಡಗಿನದು. ಅಲ್ಲಿ ಸೆಪ್ಟೆಂಬರ್ ಮೊದಲ ವಾರದ ಸುಮಾರಿಗೆ, ನಾಟಿ ಮುಗಿದ ಮೇಲೆ, ಕೈಲ್ ಪೊಳ್ದ್ ಹಬ್ಬ ಬರುತ್ತದೆ. ಕೋವಿಗಳನ್ನು ‘ತೋಕ್ ಪೂ’ವಿನಿಂದ ಸಿಂಗರಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಒಂದು ಕಾಲದಲ್ಲಿ ಬೇಟೆಯ ಕಾಲ ತೆರೆಯುತ್ತಿದ್ದುದೇ ಅಲ್ಲಿಂದ. ಕೊಡವರಿಗೆ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೋವಿ ಉಳಿದಿದೆ, ಗುರಿಗೆ ಈಗ ತೆಂಗಿನಕಾಯಿ ಮಾತ್ರ.

ಇಷ್ಟು ಹೇಳಿ, ನಾನು ಮುಂದೂಡುತ್ತ ಬಂದ ಸಂಗತಿಗೆ ಬರುತ್ತೇನೆ. 1963ರ ಭಾದ್ರಪದ. ನನಗೆ ಆಗ ಹದಿಮೂರು ವರ್ಷ. ಚೌತಿಯ ರಜೆಗೆ ದೊಡ್ಡ ಅಧಿಕಾರಿಯೊಬ್ಬರು ಊರಿಗೆ ಬಂದು ತಮಗೊಂದು ಕಡವೆ ಬೇಕೆಂದರು. ಗೋಡೆಗೆ ತೂಗುಹಾಕಲು ಕೊಂಬು ಬೇಕಾಗಿತ್ತಂತೆ. ಅವರ ಬಳಿ ಎರಡು ನಳಿಗೆಯ ತೋಟಾ ಬಂದೂಕಿತ್ತು, ರಬ್ಬರಿನ ಬೂಟುಗಳಿದ್ದವು, ಮೂರು ದಿನದ ರಜೆಯಿತ್ತು. ದೊಡ್ಡಪ್ಪ ಕೈಮುಗಿದು, “ಈಗ ಹಸಿ ಕೊಂಬು ಐತ್ರೀ ಸಾಹೇಬ್ರ, ದೀಪಾವಳಿ ಆದ ಮ್ಯಾಲೆ ಬರ್ರಿ” ಎಂದ. ದೀಪಾವಳಿಗೆ ಅವರಿಗೆ ರಜೆ ಇರಲಿಲ್ಲ.

ಇಲ್ಲಿ ಹಸಿ ಕೊಂಬು ಎಂದರೇನೆಂದು ಬಿಡಿಸಿ ಹೇಳಬೇಕು. ಕೃಷ್ಣಮೃಗ, ಕೊಂಡುಕುರಿಗಳ ಕೊಂಬು ದನದ ಕೊಂಬಿನಂತೆ ಒಮ್ಮೆ ಬಂದರೆ ಬದುಕಿರುವ ತನಕ ಇರುತ್ತದೆ. ಕಡವೆ, ಚುಕ್ಕೆಯ ಜಿಂಕೆ, ಕಾಡುಕುರಿಗಳ ಕವಲುಗೊಂಬು ಹಾಗಲ್ಲ. ಅದು ಮೂಳೆ, ಉದುರಿ ಮತ್ತೆ ಬೆಳೆಯುವಂಥದು. ನಮ್ಮ ಕಡೆ ಕಡವೆಯ ಕೊಂಬು ಸಾಮಾನ್ಯವಾಗಿ ಬೇಸಗೆಯ ಆರಂಭಕ್ಕೆ ಕಳಚಿಬೀಳುತ್ತದೆ. ಮಳೆಗಾಲವೆಲ್ಲ ಹೊಸದು ಬೆಳೆಯುತ್ತದೆ. ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂಥ ಚರ್ಮ; ಚರ್ಮದ ತುಂಬ ರಕ್ತನಾಳಗಳು. ಮುಟ್ಟಿದರೆ ಬೆಚ್ಚಗಿರುತ್ತದೆ. ಪ್ರಾಣಿಲೋಕದಲ್ಲಿ ಇಷ್ಟು ಬೇಗ ಬೆಳೆಯುವ ಮೂಳೆ ಇನ್ನೊಂದಿಲ್ಲವೆನ್ನುತ್ತಾರೆ. ಬೆಳವಣಿಗೆ ಮುಗಿದ ಮೇಲೆ ರಕ್ತ ನಿಂತು, ಚರ್ಮ ಒಣಗಿ, ಮೃಗವು ಅದನ್ನು ಮರಕ್ಕೆ ಉಜ್ಜಿ ಕಳಚಿಕೊಳ್ಳುತ್ತದೆ. ಹೆಣ್ಣಿಗಾಗಿ ಕಾದಾಡುವ ಕಾಲ ಬರುವುದು ಆಮೇಲೆ. ದೊಡ್ಡಪ್ಪ ತೊಗಟೆ ಸುಲಿದ ಮರಕ್ಕಾಗಿ ಹುಡುಕುತ್ತಿದ್ದುದು ಇದೇ ಕಾರಣಕ್ಕೆ. ಅದು ಕಾಡು ಹಚ್ಚಿದ ಸೂಚನಾಫಲಕ.

ಅಧಿಕಾರಿಗಳ ಮಾತನ್ನು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. ತೇವದ ಕಾಡಿನಲ್ಲಿ ಹಾಕು ಹೂಡಿದೆವು. ನಾನೂ ಸೋವುವವರೊಡನೆ ಡಬ್ಬ ಬಡಿದೆ. ಎರಡು ಗುಂಡು ಒಂದರ ಹಿಂದೊಂದು ಹಾರಿದವು. ಓಡಿಹೋಗಿ ನೋಡಿದಾಗ ದೊಡ್ಡ ಗಂಡು ಕಡವೆ ಹಳ್ಳದ ದಂಡೆಯಲ್ಲಿ ಬಿದ್ದಿತ್ತು. ಬೀಳುವಾಗ ಕೊಂಬು ಕಲ್ಲಿಗೆ ತಗುಲಿ ತುದಿ ಜಜ್ಜಿಹೋಗಿತ್ತು. ಅಲ್ಲಿಂದ ರಕ್ತ ಸುರಿಯುತ್ತಿತ್ತು. ಕೊಂಬಿನಿಂದ ರಕ್ತ ಬರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಜೀವ ಹೋಗಿರಲಿಲ್ಲವಾದ್ದರಿಂದ ಅದು ಬಹಳ ಹೊತ್ತು ಬಂತು. ಅಂದು ಪಾಲು ಹಾಕಿದಾಗ ದೊಡ್ಡಪ್ಪ ತನ್ನ ಭಾಗವನ್ನು ಮುಟ್ಟಲಿಲ್ಲ. ನನ್ನ ಭಾಗವನ್ನು ನಾನು ತಿಂದೆ; ಹಸಿವೆಯಿತ್ತು. ಅಧಿಕಾರಿಗಳು ಒಯ್ದ ಕೊಂಬು ಹದಿನೈದು ದಿನದಲ್ಲಿ ಕೊಳೆತು ನಾರಿ, ಅವರ ಮನೆಯವರೇ ಅದನ್ನು ಹೊರಗೆ ಎಸೆದರೆಂದು ಆಮೇಲೆ ತಿಳಿಯಿತು.

ಒಂಬತ್ತು ವರ್ಷಗಳ ನಂತರ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ನಮ್ಮ ಭಾಗಕ್ಕೆ ಅದಕ್ಕೂ ಮೊದಲು 1951ರ ಮುಂಬಯಿ ಪ್ರಾಂತದ ಕಾಯಿದೆ, ಅದರ ಹಿಂದೆ 1912ರ ಕೇಂದ್ರದ ಕಾಯಿದೆ ಇದ್ದವು. ಬೇಟೆಗೆ ಬಾಗಿಲು ಮುಚ್ಚುವ ಕಾಲ ಎಂಬ ಕಲ್ಪನೆ ಅವುಗಳಲ್ಲಿಯೂ ಇತ್ತು. 1972ರ ಕಾಯಿದೆ ಬೇಟೆಯನ್ನು ಮೊದಲ ದಿನವೇ ಪೂರ್ತಿ ನಿಲ್ಲಿಸಿತೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಲೈಸನ್ಸಿನ ಮೇಲೆ ಕೆಲವು ಪ್ರಾಣಿಗಳ ಬೇಟೆಗೆ ಅದರಲ್ಲಿ ಮೊದಲು ಅವಕಾಶವಿತ್ತು. ಆದರೆ ಕಲಮುಗಳನ್ನು ಓದುತ್ತ ಹೋದಾಗ ನನಗೆ ಮೈ ಜುಮ್ಮೆಂದಿತು. ಹೆಣ್ಣನ್ನೂ ಮರಿಯನ್ನೂ ಕೊಲ್ಲಕೂಡದು, ಉಪ್ಪಿನ ಗುಣಿಯ ಬಳಿ, ನೀರಿನ ಬಳಿ ಕಾದು ಹೊಡೆಯಕೂಡದು, ಮಖಮಲ್ಲಿನ ಚರ್ಮವಿರುವ ಕೊಂಬಿನ ಜಿಂಕೆಯನ್ನು ಹೊಡೆಯಕೂಡದು. ದೊಡ್ಡಪ್ಪನ ಅರ್ಧ ಶಾಸ್ತ್ರ ದಿಲ್ಲಿಯ ಗೆಜೆಟ್ಟಿನಲ್ಲಿ ಅಚ್ಚಾಗಿತ್ತು. 1991ರ ತಿದ್ದುಪಡಿಯಲ್ಲಿ ಲೈಸನ್ಸುಗಳ ಜೊತೆಗೆ ಈ ಕಲಮುಗಳೂ ಹೋದವು. ಬೇಟೆಯೇ ಇಲ್ಲವೆಂದ ಮೇಲೆ ಬೇಟೆಯ ನಿಯಮಗಳೇಕೆ?

ಹೊರದೇಶಗಳಲ್ಲಿ ಕಥೆ ಬೇರೆ. ಜರ್ಮನಿಯಲ್ಲಿ ಬೇಟೆಗಾರನಾಗಬೇಕಾದರೆ ಪರೀಕ್ಷೆ ಪಾಸಾಗಬೇಕು. ಅಮೆರಿಕದ ಹಳ್ಳಿಗಾಡಿನಲ್ಲಿ ಶರತ್ಕಾಲದ ಜಿಂಕೆಬೇಟೆಗೆ ತಿಂಗಳುಗಳ ಮುಂಚೆಯೇ ಜಮೀನಿನ ಮೂಲೆಯಲ್ಲಿ ಕ್ಲೋವರಿನಂಥ ಮೇವು ಬಿತ್ತುತ್ತಾರೆ, ಅಟ್ಟಣೆಗಳನ್ನು ಭದ್ರಮಾಡುತ್ತಾರೆ. ಅಲ್ಲಿ ಬಹುಕಡೆ ತೋಳ ಮೊದಲಾದವನ್ನು ಅಳಿಸಿಹಾಕಿದ ಮೇಲೆ ಜಿಂಕೆ ಹೆಚ್ಚಿ ಹೋಗಿದೆ. ಬೇಟೆಗಾರ ತೋಳದ ಕೆಲಸ ಮಾಡುತ್ತಾನೆ. ನಮ್ಮಲ್ಲಿ ಆ ಕೆಲಸದವರು ಇನ್ನೂ ಇದ್ದಾರೆ. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಮೃಗಗಳನ್ನು ಕೊಲ್ಲುತ್ತದೆ, ಆ 50 ಪ್ರತಿವರ್ಷ ಸಿಗಬೇಕಾದರೆ ಕಾಡಿನಲ್ಲಿ ಸುಮಾರು 500 ಇರಬೇಕು ಎಂದು ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಯನ್ನು ಅಭ್ಯಸಿಸಿದ ಉಲ್ಲಾಸ ಕಾರಂತರು ವಿವರಿಸಿದ್ದಾರೆ. ಚಿರತೆ, ಕೆನ್ನಾಯಿಗಳ ಪಾಲು ಬೇರೆ. ಮನುಷ್ಯನ ಬಂದೂಕಿಗೆ ಉಳಿಯುವ ಲೆಕ್ಕ ಇದರಲ್ಲಿ ನನಗೆ ಕಾಣುವುದಿಲ್ಲ. ಆದರೆ ಕದ್ದು ಹಾಕುವ ತಂತಿಯ ಉರುಲು ಈ ಲೆಕ್ಕವನ್ನು ಓದುವುದಿಲ್ಲ. ಅದು ಗರ್ಭಿಣಿಯನ್ನೂ ಮರಿಯನ್ನೂ ಹಸಿಕೊಂಬನ್ನೂ ಒಂದೇ ಸಮನಾಗಿ ಬಿಗಿಯುತ್ತದೆ. ಬಂದೂಕಿನ ಸದ್ದಾದರೂ ಕೇಳುತ್ತಿತ್ತು.

ಖಾನಾಪುರದ ಕಾಡಿನಲ್ಲಿ 2011ರಲ್ಲಿ ಭೀಮಗಡ ವನ್ಯಜೀವಿಧಾಮ ಘೋಷಣೆಯಾಯಿತು. ಸುಮಾರು 190 ಚದರ ಕಿಲೋಮೀಟರ್. ದಕ್ಷಿಣಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಈಗ ನೆಲವನ್ನು ಅಣಿಮಾಡುವವರು ಅರಣ್ಯ ಇಲಾಖೆಯ ಕಾವಲುಗಾರರು. ಚಳಿಗಾಲ ಕಳೆಯುವ ಮುನ್ನ ಅವರು ಹುಲ್ಲು ಕೆತ್ತಿ, ಪಟ್ಟಿ ಪಟ್ಟಿಯಾಗಿ ಸುಟ್ಟು, ಬೆಂಕಿರೇಖೆ ಎಳೆಯುತ್ತಾರೆ. ದೊಡ್ಡಪ್ಪ ಬೆಂಕಿ ಹಬ್ಬಿಸಲು ಸುಟ್ಟಂತೆಯೇ ಇವರು ಬೆಂಕಿ ತಡೆಯಲು ಸುಡುತ್ತಾರೆ. ನೀರಿನ ಗುಂಡಿಗಳ ಹೂಳೆತ್ತುತ್ತಾರೆ. ಲಂಟಾನ, ಯುಪಟೋರಿಯಂ ಹಬ್ಬಿ ಹುಲ್ಲು ಸತ್ತ ಕಡೆ ಬುಡಸಹಿತ ಕೀಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಒಂದು ಮಳೆಗೆ ಮತ್ತೆ ಬರುತ್ತದೆ.

ಕಾಡಿನಂಚಿನ ರೈತನ ಸಂಕಟವನ್ನು ಹೇಳದೆ ಹೋದರೆ ಈ ಮಾತು ಸುಳ್ಳಾಗುತ್ತದೆ. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೊರಟದ್ದೇ ಮೃಗಗಳು ಬೆಳೆ ತಿಂದವೆಂದು ಪ್ರಜೆಗಳು ದೂರು ಕೊಟ್ಟದ್ದರಿಂದ. ಇಂದು ಅಂಥ ದೂರಿಗೆ ಉತ್ತರವಾಗಿ ಅರಸ ಬರುವುದಿಲ್ಲ, ಅರ್ಜಿಯ ನಮೂನೆ ಬರುತ್ತದೆ. ರಾತ್ರಿಯೆಲ್ಲ ಅಟ್ಟದ ಮೇಲೆ ಕುಳಿತು ಭತ್ತ ಕಾಯುವವನಿಗೆ, ಒಂದು ಬೆಳಗಿನಲ್ಲಿ ಅರ್ಧ ಗದ್ದೆ ಮೇದುಹೋದದ್ದನ್ನು ಕಂಡವನಿಗೆ, ಕಡವೆಯ ಮೇಲೆ ಕರುಣೆ ತೋರು ಎಂದು ಪಟ್ಟಣದಲ್ಲಿ ಕುಳಿತು ಹೇಳುವುದು ನನ್ನಿಂದಾಗದು. ಪರಿಹಾರ ಬೇಗ ಬಂದರೆ ಉರುಲು ಕಡಿಮೆಯಾಗುತ್ತದೆ ಎಂಬಷ್ಟು ಮಾತ್ರ ನಾನು ಬಲ್ಲೆ.

ದೊಡ್ಡಪ್ಪನ ಬಂದೂಕು ಚುನಾವಣೆಯೊಂದರ ಮುಂಚೆ ಪೊಲೀಸು ಠಾಣೆಗೆ ಹೋಯಿತು. ಅವನು ಅದನ್ನು ಮರಳಿ ತರಲು ಹೋಗಲಿಲ್ಲ. ಆಮೇಲೆ ಬದುಕಿದ್ದಷ್ಟು ದಿನವೂ ಪ್ರತಿ ವರ್ಷ ಮಳೆ ಹಿಂದಾದ ಮೇಲೆ ಕಾಡಿಗೆ ಹೋಗಿ, ಯಾವ ಮರದ ತೊಗಟೆ ಸುಲಿದಿದೆ ಎಂದು ನೋಡಿಬಂದು ಊಟದ ಹೊತ್ತಿಗೆ ಹೇಳುತ್ತಿದ್ದ. ನಾಲ್ಕು ವರ್ಷಗಳ ಹಿಂದೆ ಬೇಸಗೆಯಲ್ಲಿ ನಾನು ಗೋಲಿಹಳ್ಳಿಯ ಕಡೆ ಇಲಾಖೆಯ ಕಾವಲುಗಾರನೊಬ್ಬನ ಜೊತೆ ನಡೆದುಹೋಗುತ್ತಿದ್ದಾಗ ಒಣ ಎಲೆಗಳ ನಡುವೆ ಕಡವೆಯ ಉದುರಿದ ಕೊಂಬು ಸಿಕ್ಕಿತು. ಮೂರು ಕವಲು, ನನ್ನ ತೋಳಿನಷ್ಟು ಉದ್ದ. ಎತ್ತಿಕೊಳ್ಳಲು ಬಾಗಿದೆ. “ಬ್ಯಾಡ್ರಿ, ಬಿದ್ದದ್ದೂ ಸರಕಾರದ್ದು” ಎಂದು ಆ ಹುಡುಗ ತಡೆದ. ಅದು ನಿಜ, ಕಾನೂನಿನ ಪ್ರಕಾರ ಉದುರಿದ ಕೊಂಬನ್ನೂ ಮನೆಗೆ ಒಯ್ಯುವಂತಿಲ್ಲ. ಬಗ್ಗಿ ನೋಡಿದೆ. ಒಂದು ಕವಲಿನ ತುದಿಯನ್ನು ಮುಳ್ಳುಹಂದಿ ಸುಣ್ಣದಾಸೆಗೆ ಆಗಲೇ ಕೆರೆದು ತಿಂದಿತ್ತು. ಹಲ್ಲಿನ ಗೀರುಗಳು ಹೊಸದಾಗಿಯೇ ಇದ್ದವು. ಹುಡುಗ ಜೇಬಿನಿಂದ ಪುಸ್ತಕ ತೆಗೆದು ತಾರೀಖು, ಜಾಗ ಬರೆದುಕೊಂಡ. ನಾವು ಮುಂದೆ ನಡೆದೆವು.